ನನ್ನ ತುರಿಕೆ, ನೆಗೆಣ್ಣಿಯ ತುರಿಕೆ

ನನ್ನ ನೆಗೆಣ್ಣಿಗೆ ಇಸಬು ಕಾಣಿಸಿಕೊಂಡಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ಈ ಮನೆಯಲ್ಲಿ ಒಬ್ಬಳೇ ಕೆರೆದುಕೊಳ್ಳುತ್ತಿದ್ದೆ, ಇನ್ನು ಇಬ್ಬರಾದೆವು ಎಂದುಕೊಂಡೆ. ಆ ಸಮಾಧಾನ ಬಹಳ ದಿನ ಬಾಳಲಿಲ್ಲ.

ನೆಗೆಣ್ಣಿ ಅಂದರೆ ನನ್ನ ಮೈದುನನ ಹೆಂಡತಿ. ನಮ್ಮ ಮನೆ ಶಹಾಬಾದದಲ್ಲಿದೆ. ನೆಲಕ್ಕೆ ಹಾಸುವ ಫರ್ಸಿ ಕಲ್ಲನ್ನು ಕೊಯ್ದು ಪಾಲಿಶ್ ಹಾಕುವ ಸಣ್ಣ ಕಾರಖಾನೆ ನಮ್ಮದು. ನನ್ನ ಗಂಡ, ಮೈದುನ ಇಬ್ಬರೂ ಅದನ್ನೇ ನೋಡಿಕೊಳ್ಳುತ್ತಾರೆ. ಮಾವನವರು ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅತ್ತೆಯದು. ನಾನು ಊರಿನ ಒಂದು ಖಾಸಗಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತೇನೆ. ನೆಗೆಣ್ಣಿ ಮಳಖೇಡದ ಹತ್ತಿರದ ಆದಿತ್ಯನಗರದಿಂದ ಬಂದವಳು, ಸಿಮೆಂಟ್ ಕಾರಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಮೈಗೆ ಸ್ವಲ್ಪ ಏನಾದರೂ ಆದರೆ ನೆಟ್ಟಗೆ ಡಾಕ್ಟರ ಮುಂದೆ ಹೋಗಿ ಕೂತು, ಇದು ಯಾಕೆ, ಅದು ಯಾಕೆ ಎಂದು ಕೇಳುವುದು ಅವಳಿಗೆ ರೂಢಿ. ನಾನು ಸುಲೇಪೇಟದವಳು. ನಮ್ಮಲ್ಲಿ ಡಾಕ್ಟರು ಹೇಳುತ್ತಿದ್ದರು, ನಾವು ತಲೆ ಅಲ್ಲಾಡಿಸಿ ಬರುತ್ತಿದ್ದೆವು.

ನನಗೆ ಇಸಬು ಯಾವಾಗ ಬಂತೋ ನೆನಪಿಲ್ಲ. ನೆನಪು ಇರುವಷ್ಟೂ ಕಾಲ ಅದು ಇದೆ. ಮೊಣಕೈ ಒಳಬದಿ, ಮೊಣಕಾಲಿನ ಹಿಂದೆ, ಕುತ್ತಿಗೆ ಸುತ್ತ. ಅಪ್ಪನ ಕಿರಾಣಿ ಅಂಗಡಿಗೆ ಬಂದವರೆಲ್ಲ, "ಏ ಹುಡುಗಿ, ಕೆರೀಬ್ಯಾಡ" ಎಂದು ಹೇಳಿಯೇ ಸಾಮಾನು ಕಟ್ಟಿಸಿಕೊಳ್ಳುತ್ತಿದ್ದರು. ಅವ್ವ ಬೇವಿನ ಎಲೆ ಕುದಿಸಿದ ನೀರಲ್ಲಿ ಮೈ ತೊಳೆದಳು. ಅಪ್ಪ ಚಿಂಚೋಳಿಯ ಅಡವಿ ಕಡೆ ಎಲೆ ಬೇರು ಕೊಡುವ ಮುದುಕನ ಹತ್ತಿರ ಕರೆದುಕೊಂಡು ಹೋದರು. ಅವನು ಕೊಟ್ಟ ಹಸಿರು ಲೇಪ ಹಚ್ಚಿದಾಗ ಮೈಗೆ ಬೆಂಕಿ ಬಿದ್ದಂತಾಗಿ ಓಣಿಯೆಲ್ಲ ಕೇಳುವಂತೆ ಅತ್ತಿದ್ದೆ. ಮಠದ ವಿಭೂತಿ ಹಚ್ಚಿದರು. ಬದನೆಕಾಯಿ, ಶೇಂಗಾ ತಿನ್ನುವುದನ್ನು ಬಿಡಿಸಿದರು. ಯಾವುದಕ್ಕೂ ಹೋಗಲಿಲ್ಲ. ಆಗ ದೊಡ್ಡವರೆಲ್ಲ ಸೇರಿ ಅದಕ್ಕೆ ಒಂದು ಹೆಸರಿಟ್ಟರು. ಚಾಳಿ.

ಮದುವೆಯಾಗಿ ಶಹಾಬಾದಕ್ಕೆ ಬಂದ ಮೇಲೆ ಅತ್ತೆಯೂ ಅದನ್ನೇ ಅಂದರು. ಕೆಟ್ಟವರಲ್ಲ ಅವರು. ರೊಟ್ಟಿ ಬಡಿಯುವಾಗ ನಾನು ಮೊಣಕೈ ಉಜ್ಜಿಕೊಂಡದ್ದು ಕಂಡರೆ ಮಾತ್ರ ಸುಮ್ಮನಿರುತ್ತಿರಲಿಲ್ಲ.

"ಮನಸು ಗಟ್ಟಿ ಮಾಡವ್ವ, ಬಿಡ್ತದ. ಹೊಗಿಸೊಪ್ಪ ತಿನ್ನೋರು ಬಿಡ್ತಾರ, ಸೆರಿ ಕುಡಿಯೋರು ಬಿಡ್ತಾರ. ಇದೇನ ದೊಡ್ಡದು?"

"ಹಗಲೊತ್ತು ತಡಕೋತೀನ್ರಿ ಅತ್ತಿ. ನಿದ್ದ್ಯಾಗ ಕೆರಕೋತೀನಿ. ನಂಗ ಗೊತ್ತಾಗಂಗಿಲ್ಲ."

"ಗೊತ್ತಾಗಂಗಿಲ್ಲಂದ್ರ ಹೆಂಗ? ಕೈ ನಿಂದ ಅಲ್ಲೇನು?"

ಕೈ ನನ್ನದೇ. ಎರಡೂ ಅಂಗೈಯನ್ನು ತಲೆದಿಂಬಿನ ಕೆಳಗೆ ತೂರಿಸಿ, ಮೇಲೆ ತಲೆಯ ಭಾರ ಹಾಕಿ ಮಲಗುವುದನ್ನು ಕಲಿತೆ. ಬೆಳಿಗ್ಗೆ ಹಾಸಿಗೆಯಲ್ಲಿ ರಕ್ತದ ಚುಕ್ಕೆ ಕಂಡರೆ ಉಳಿದವರು ಏಳುವ ಮೊದಲೇ ಒಗೆದು ಹಾಕುತ್ತಿದ್ದೆ. ಸ್ಟೇಷನ್ ರಸ್ತೆಯ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆಯೇ ಒಂದು ಟ್ಯೂಬು ಕೊಡುತ್ತಿದ್ದರು. ಹಚ್ಚಿದರೆ ನಾಲ್ಕು ದಿನ ತಣ್ಣಗಾಗುತ್ತಿತ್ತು, ಬಿಟ್ಟರೆ ಇಮ್ಮಡಿ ಬರುತ್ತಿತ್ತು. ಎಷ್ಟು ಟ್ಯೂಬು ಹಿಂಡಿದ್ದೇನೋ ಲೆಕ್ಕವಿಲ್ಲ. ನಮ್ಮ ಕಡೆಯ ಬಿಸಿಲಲ್ಲೂ ಮಣಿಕಟ್ಟಿನ ತನಕ ತೋಳಿರುವ ಕುಪ್ಪಸ ತೊಡುತ್ತಿದ್ದೆ. ಶಾಲೆಯ ಮಕ್ಕಳು, "ಟೀಚರ್, ನಿಮಗ ಸೆಕಿ ಆಗಂಗಿಲ್ಲೇನ್ರಿ?" ಎಂದು ಕೇಳುತ್ತಿದ್ದವು. ಗಂಡನಿಗೆ ಇದ್ಯಾವುದೂ ತಿಳಿಯುತ್ತಿರಲಿಲ್ಲ. ಕಲ್ಲಿನ ಮಷೀನಿನ ಸದ್ದಿನಲ್ಲೇ ದಿನ ಕಳೆದು ಅವರ ಕಿವಿ ಅರ್ಧ ಮಂದವಾಗಿದೆ. ಮಲಗಿದರೆ ಬೆಳಗಾಗುವ ತನಕ ಮಗ್ಗಲು ಬದಲಿಸುವವರಲ್ಲ.

ಹೀಗಿರುವಾಗ ನೆಗೆಣ್ಣಿ ನಮ್ಮ ಮನೆ ತುಂಬಿದಳು. ಎರಡನೆಯ ಬೇಸಿಗೆಗೆ ಅವಳ ಮೊಣಕೈಯಲ್ಲಿ ಕೆಂಪು ಎದ್ದಿತು. ಸಣ್ಣಂದಿನಲ್ಲಿ ಇತ್ತಂತೆ, ದೊಡ್ಡವಳಾದ ಮೇಲೆ ಹೋಗಿತ್ತಂತೆ, ನಮ್ಮ ಬೋರಿನ ಗಡಸು ನೀರಿಗೋ ಕಲ್ಲಿನ ದೂಳಿಗೋ ಮತ್ತೆ ತಿರುಗಿ ಬಂತು. ಅವಳು ಕಾಯಲಿಲ್ಲ. ಗಂಡನನ್ನು ಕರೆದುಕೊಂಡು ಕಲಬುರಗಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿಕೊಂಡು ಬಂದಳು. ಬರುವಾಗ ಕೈಯಲ್ಲಿ ಒಂದು ಸಣ್ಣ ಡಬ್ಬಿ ಇತ್ತು.

ಡಬ್ಬಿಯಲ್ಲಿ ಬೂದು ಬಣ್ಣದ ಎರಡು ರಬ್ಬರ್ ಪಟ್ಟಿಗಳು. ನೋಡಲು ವಾಚಿನಂತೆಯೇ ಇದ್ದವು, ಆದರೆ ಮುಖವಿಲ್ಲ, ಹೊತ್ತು ತೋರಿಸುವುದಿಲ್ಲ. ನಡುವೆ ಅಂಗಿ ಗುಂಡಿಯಷ್ಟು ಉಬ್ಬು, ಅದರೊಳಗೆ ಸೆನ್ಸರ್. ಮಲಗುವಾಗ ಎರಡೂ ಕೈಗೆ ಕಟ್ಟಿಕೊಳ್ಳಬೇಕು, ಎದ್ದ ಮೇಲೆ ಬಿಚ್ಚಿ ಚಾರ್ಜಿಗೆ ಇಡಬೇಕು. ನಿದ್ದೆಯಲ್ಲಿ ಕೈ ಹೇಗೆ ಅಲುಗಿತು ಎಂಬುದನ್ನು ಹಿಡಿದು, ಯಾವುದು ಬರೀ ಹೊರಳಾಟ, ಯಾವುದು ಕೆರೆತ ಎಂದು ಬೇರೆ ಮಾಡಿ ಫೋನಿಗೆ ಕಳಿಸುತ್ತದೆ. ಕೆರೆದುಕೊಂಡವರಿಗೆ ಬೆಳಿಗ್ಗೆ ಅದು ನೆನಪಿರುವುದಿಲ್ಲ, ಕೇಳಿದರೆ ಸರಿಯಾಗಿ ಹೇಳಲು ಬರುವುದಿಲ್ಲ; ಹಾಗಾಗಿ ಆ ಡಾಕ್ಟರು ಕೆಲವು ರೋಗಿಗಳಿಗೆ ಇದನ್ನು ಕಟ್ಟಿ ನೋಡುತ್ತಿದ್ದರು. ಅತ್ತೆ ಅದಕ್ಕೆ "ಕೆರಿಯೋ ವಾಚು" ಎಂದು ಹೆಸರಿಟ್ಟರು.

ಮೊದಲ ಸಲ ಕಟ್ಟಿಕೊಂಡು ಮಲಗಿದ ಮರುದಿನ ಬೆಳಿಗ್ಗೆ, ಚಹಾ ಹೊತ್ತಿಗೆ ಅವಳು ಫೋನ್ ತೆಗೆದು ಅತ್ತೆಯ ಮುಂದೆ ಹಿಡಿದಳು. ಉದ್ದ ಗೆರೆಯ ಮೇಲೆ ಅಲ್ಲಲ್ಲಿ ಕೆಂಪು ಕಂಬಗಳು ಎದ್ದಿದ್ದವು.

"ಈ ಕೆಂಪಂದೇನವ್ವ?"

"ಕೆರಕೊಂಡದ್ರಿ ಅತ್ತಿ. ನಿದ್ದಿ ಹತ್ತಿದ ಮ್ಯಾಲ."

"ಇಷ್ಟಾ? ನಿಂಗ ಎಚ್ಚರ ಆಗಿಲ್ಲೇನು?"

"ಒಂದೆರಡ ಸಲ ಆಗ್ಯಾದ್ರಿ. ಉಳಿದದ್ದು ಗೊತ್ತೇ ಇಲ್ಲ."

ಅತ್ತೆ ಫೋನನ್ನು ಕಣ್ಣಿನ ಹತ್ತಿರ ತಂದು ನೋಡಿದರು. "ಅಯ್ಯ ನನ ಕೂಸ! ನಿದ್ದ್ಯಾಗ ಹಿಂಗ ಆದ್ರ ಅಕಿ ಏನ್ ಮಾಡ್ಯಾಳ, ಪಾಪ. ಅಕಿದೇನ ತಪ್ಪದ ಅದರಾಗ?"

ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಕೈಯ ತಾಳ ತಪ್ಪಿ ರೊಟ್ಟಿಯ ಅಂಚು ಹರಿಯಿತು. ನಿದ್ದೆಯಲ್ಲಿ ಆಗುತ್ತದೆ ಎಂಬ ಮಾತನ್ನು ಇದೇ ಅಡಿಗೆಮನೆಯಲ್ಲಿ, ಇದೇ ಅತ್ತೆಗೆ ನಾನು ಎಷ್ಟು ವರ್ಷಗಳಿಂದ ಹೇಳಿಕೊಂಡು ಬಂದಿದ್ದೆ! ನನ್ನ ಬಾಯಿಂದ ಬಂದಾಗ ಅದು ನೆವ. ಅವಳ ಕೈಪಟ್ಟಿಯಿಂದ ಬಂದಾಗ ರೋಗ.

ಅಂದಿನಿಂದ ಮನೆಯಲ್ಲಿ ಅವಳ ಉಪಚಾರ ಶುರುವಾಯಿತು. ಬೇಸಿಗೆಯಲ್ಲಿ ನಮ್ಮಲ್ಲಿ ಗಂಡಸರು ಮಾಳಿಗೆಯ ಮೇಲೆ ಮಲಗುತ್ತಾರೆ, ಹೆಂಗಸರು ಪಡಸಾಲೆಯ ಫರ್ಸಿ ಕಲ್ಲಿನ ಮೇಲೆ ಚಾಪೆ ಹಾಕಿಕೊಳ್ಳುತ್ತೇವೆ. ಕೂಲರಿನ ಗಾಳಿ ನೇರ ಬೀಳುವ ಜಾಗ ನನ್ನದಾಗಿತ್ತು. ಅತ್ತೆ ಅವಳ ಚಾಪೆಯನ್ನು ಅಲ್ಲಿಗೆ ಎಳೆಸಿದರು. ಮೈದುನ ಅವಳಿಗೆ ಮೆತ್ತನೆಯ ಹತ್ತಿಯ ಹಾಸಿಗೆಬಟ್ಟೆ ತಂದ. ಅತ್ತೆ ತಾವೇ ಕೂತು ಅವಳ ಉಗುರು ಕತ್ತರಿಸಿದರು. ಊಟಕ್ಕೆ ಕೂತಾಗ ನನ್ನ ಗಂಡ ಫೋನಿನ ಕೆಂಪು ಕಂಬ ನೋಡಿ, "ಪಾಪ, ಭಾಳ ತ್ರಾಸದ" ಎಂದರು. ಪಾಪ! ಆ ಎರಡಕ್ಷರ ಅವರ ಬಾಯಲ್ಲಿ ನನಗಾಗಿ ಬಂದದ್ದು ನನಗೆ ನೆನಪಿರಲಿಲ್ಲ.

ಎಲ್ಲಕ್ಕಿಂತ ಉರಿದದ್ದು ಬದನೆಕಾಯಿಗೆ. ಡಾಕ್ಟರು ಅವಳಿಗೆ ತಿಂದರೆ ಏನೂ ಆಗದಂತಿದ್ದರೆ ಯಾವುದನ್ನೂ ಬಿಡಬೇಡ ಎಂದಿದ್ದರಂತೆ. ಅತ್ತೆ ಅವಳಿಗೆ ಇಷ್ಟವೆಂದು ಎಣ್ಣೆಗಾಯಿ ಮಾಡಿದರು, ಎಳ್ಳು ಶೇಂಗಾ ತುಂಬಿ. ನಾನು ತಟ್ಟೆ ಮುಂದೆ ಹಿಡಿದರೆ, "ನಿಂಗ ಬ್ಯಾಡವ್ವ, ನಂಜ ಆಗ್ತದ" ಎಂದು ಬೇಳೆ ಬಡಿಸಿದರು. ಅವಳು ಎದುರಿಗೆ ಕೂತು ರೊಟ್ಟಿಯಿಂದ ಎಣ್ಣೆ ಒರೆಸಿ ಒರೆಸಿ ತಿಂದಳು.

ಶಾಲೆಯಲ್ಲಿ ಮಕ್ಕಳ ಕಾಪಿ ತಿದ್ದುವಾಗಲೂ ನನ್ನ ಕಣ್ಣ ಮುಂದೆ ಆ ಬೂದು ಪಟ್ಟಿಗಳೇ. ಅವಳ ಪಾಟಲಿ ಬಳೆ, ಅವಳ ತವರಿನ ಸೀರೆ, ಯಾವುದಕ್ಕೂ ನಾನು ಆಸೆಪಟ್ಟವಳಲ್ಲ. ಆ ರಬ್ಬರಿನ ತುಂಡು ಮಾತ್ರ ನನಗೆ ಬೇಕಾಗಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ಚಾರ್ಜಿಗಿಟ್ಟಿದ್ದನ್ನು ಮುಟ್ಟಿ ನೋಡುತ್ತಿದ್ದೆ. ಬೆಚ್ಚಗಿರುತ್ತಿತ್ತು.

ಅವಳು ಮತ್ತೆ ತೋರಿಸಿಕೊಳ್ಳಲು ಹೋಗುವ ದಿನ ಮೈದುನ ಸೇಡಂಗೆ ಕಲ್ಲು ಇಳಿಸಲು ಹೋಗಿದ್ದ. "ಅಕ್ಕಾ, ನೀವಾರ ಬರ್ರಿ" ಎಂದಳು. ಹೋದೆ. ಡಾಕ್ಟರು ನನ್ನದೇ ವಯಸ್ಸಿನ ಹೆಂಗಸು. ನೆಗೆಣ್ಣಿಯ ಕೆಂಪು ಕಂಬಗಳನ್ನೆಲ್ಲ ನೋಡಿ ಔಷಧಿ ಬದಲಿಸಿದರು. ಆಮೇಲೆ ನನ್ನ ಕುತ್ತಿಗೆಯ ಕಡೆ ಕಣ್ಣು ಹೋಯಿತು.

"ನಿಮಗೂ ಅದ ಅಲ್ರಿ? ಎಷ್ಟ ವರ್ಷ ಆಯ್ತು?"

"ಸಣ್ಣಾಕಿ ಇದ್ದಾಗಿಂದ ಅದರಿ."

"ರಾತ್ರಿ ಕೆರಕೋತೀರಿ?"

"ಹೌದ್ರಿ. ಇಕಿಕಿಂತ ಜಾಸ್ತಿ," ಎಂದೆ. ಯಾಕೆ ಹಾಗೆ ಹೇಳಿದೆನೋ! ನೆಗೆಣ್ಣಿ ನನ್ನ ಮುಖ ನೋಡಿದಳು.

ಡಾಕ್ಟರು ಅವಳ ಪಟ್ಟಿಗಳನ್ನು ಒರೆಸಿ, ತಮ್ಮ ಫೋನಿನಲ್ಲಿ ನನ್ನ ಹೆಸರು ಸೇರಿಸಿ, ನನ್ನ ಕೈಗೆ ಕೊಟ್ಟರು. ರೈಲಿನಲ್ಲಿ ಮರಳುವಾಗ ಡಬ್ಬಿಯನ್ನು ಮಡಿಲಲ್ಲೇ ಇಟ್ಟುಕೊಂಡು ಬಂದೆ. ನನ್ನ ಕಂಬಗಳು ಅವಳ ಕಂಬಗಳಿಗಿಂತ ಎತ್ತರ ಏಳುತ್ತವೆ, ಅತ್ತೆ ನೋಡುತ್ತಾರೆ, ಗಂಡ ನೋಡುತ್ತಾರೆ ಎಂದು ಮನಸ್ಸು ಹಿಗ್ಗಿತ್ತು.

ನನ್ನ ಫೋನ್ ಹಳೆಯದು, ಅದರಲ್ಲಿ ಆ ಆ್ಯಪ್ ಕೂರಲಿಲ್ಲ. ಗಂಡನ ಫೋನಿಗೆ ಹಾಕಿಸಿದೆವು. ಮರುದಿನ ಬೆಳಿಗ್ಗೆ ಅವರು ಎಲ್ಲರ ಮುಂದೆ ತೆಗೆದು ನೋಡಿದರು. ಮೇಲೆ ಕೆಳಗೆ ಎಳೆದರು. ಮತ್ತೆ ನೋಡಿದರು.

"ಏನೂ ಇಲ್ಲಲ್ಲ. ಒಂದೀಟ ಅದ ಅಷ್ಟ."

ಗೆರೆ ಹೆಚ್ಚುಕಡಿಮೆ ಬರಿದಾಗಿತ್ತು. ಎರಡು ಮೂರು ಕಡೆ ಗುಂಡುಸೂಜಿಯಷ್ಟು ಕೆಂಪು. ಅದರ ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ.

ಅತ್ತೆ ಗೆದ್ದವರಂತೆ ನಗಲಿಲ್ಲ, ಅದು ನಿಜ. ಆದರೆ, "ನಾ ಮೊದಲೇ ಹೇಳಿದ್ನಲ್ಲವ್ವ. ನಿಂದು ಹಗಲೊತ್ತಿನ ಚಾಳಿ" ಎಂದು ಮೆಲ್ಲಗೆ ಅಂದರು. ಮೆಲ್ಲಗೆ ಅಂದದ್ದೇ ಹೆಚ್ಚು ಚುಚ್ಚಿತು.

ಹಾಗಾದರೆ ನನ್ನ ಹಾಸಿಗೆಯ ರಕ್ತ ಯಾರದು? ಪಟ್ಟಿ ಕೆಟ್ಟಿರಬೇಕು ಎಂದುಕೊಂಡೆ. ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಒರಗಿದ್ದಾಗ ಅದನ್ನು ಕಟ್ಟಿಕೊಂಡು, ಕೆರೆಯುವವಳಂತೆ ಕೈಯನ್ನು ದಿಂಬಿನ ಮೇಲೆ ಜೋರಾಗಿ ಆಡಿಸಿ ನೋಡಿದೆ. ಫೋನಿನಲ್ಲಿ ಅದು ಬರೀ ಅಲುಗಾಟ ಎಂದು ಬಂತು, ಕೆಂಪು ಬರಲಿಲ್ಲ. ಆಟಕ್ಕೂ ಖರೇ ಕೆರೆತಕ್ಕೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯುತ್ತಿತ್ತು. ಹಾಗಾದರೆ ಅದು ಕೆಟ್ಟಿಲ್ಲ. ನನಗೆ ನನ್ನ ಮೇಲೆಯೇ ಅನುಮಾನ ಶುರುವಾಯಿತು. ಇವರೆಲ್ಲ ಹೇಳಿದ್ದೇ ನಿಜವಿರಬಹುದೇ? ಹೆಂಗಸೊಬ್ಬಳು ತನ್ನ ರೋಗ ದೊಡ್ಡದಿರಲಿ ಎಂದು ಹಾರೈಸಿ, ಅದು ಸಣ್ಣದೆಂದು ತಿಳಿದಾಗ ಅಳುವುದನ್ನು ನೀವು ಕಂಡಿದ್ದೀರಾ? ನಾನು ಬಚ್ಚಲಮನೆಯಲ್ಲಿ ನೀರು ಬಿಟ್ಟುಕೊಂಡು ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಗಂಡ ಮತ್ತೆ ಫೋನ್ ನೋಡಿ, "ಇವತ್ತೂ ಇಲ್ಲ. ವಾಪಸ್ ಕೊಟ್ಟು ಬಿಡು, ಬ್ಯಾರೇಯವರಿಗಾರ ಆಗ್ತದ" ಎಂದರು.

ಆಗ ನೆಗೆಣ್ಣಿ ಬಾಯಿ ಬಿಟ್ಟಳು. "ಭಾವಾ, ಅಕ್ಕ ಕೈಲೆ ಕೆರಿಯಂಗಿಲ್ರಿ. ಕಾಲೀಲೆ ತಿಕ್ಕತಾರ."

"ಕಾಲೀಲೆ?"

"ಹೌದ್ರಿ. ನಿದ್ದಿ ಹತ್ತಿತಂದ್ರ ಕಾಲು ಚಾಪಿ ಬಿಟ್ಟು ಕೆಳಗ ಹೋಗ್ತಾವ. ಫರ್ಸಿ ಕಲ್ಲಿನ ಅಂಚಿಗಿ ತಿಕ್ಕತಾರ, ಒಂದ ಕಾಲಿನ ಹಿಮ್ಮಡಲೆ ಇನ್ನೊಂದು ಕಾಲು ಉಜ್ಜತಾರ. ಕಾಲಚೈನ ಕಲ್ಲಿಗಿ ಸರಕ್ ಸರಕ್ ಅಂತದ. ನಾ ದಿನಾ ಕೇಳ್ತೀನಿ."

ಎಲ್ಲರೂ ನನ್ನ ಕಾಲು ನೋಡಿದರು. ನಾನು ಸೀರೆಯ ಅಂಚನ್ನು ಕೆಳಗೆ ಎಳೆದುಕೊಂಡೆ. ಮೀನಖಂಡದ ಮೇಲೆ, ಕಾಲಚೈನು ಕೂರುವ ಹರಡಿನ ಸುತ್ತ ಗಾಯ ಇದ್ದೇ ಇತ್ತು. ಅದನ್ನೂ ಉಗುರಿನದೇ ಎಂದುಕೊಂಡಿದ್ದೆ. "ಹೌದೇನು? ಹಂಗಾದ್ರ ಡಾಕ್ಟರಿಗಿ ಹೇಳಬೇಕಲ್ಲ" ಎಂದರು ಗಂಡ. ಅತ್ತೆಯೂ ತಲೆ ಆಡಿಸಿದರು. ಒಂದು ಪ್ರಶ್ನೆ ಇಲ್ಲ, ಒಂದು ಅನುಮಾನ ಇಲ್ಲ. ಅವಳು ಹೇಳಿದಳು, ಅವರು ನಂಬಿದರು.

ನನಗೆ ಉಪಕಾರವಾಯಿತು ಎಂದು ಅನಿಸಬೇಕಿತ್ತು. ಅನಿಸಲಿಲ್ಲ. ನನ್ನ ಕಾಲಿಗೂ ಇವಳೇ ಸಾಕ್ಷಿ ಹೇಳಬೇಕಾಯಿತಲ್ಲ ಎಂದು ಮೈಯೆಲ್ಲ ಉರಿಯಿತು. ಮಾಳಿಗೆಯ ಮೇಲೆ ಸಂಡಿಗೆ ಹಾಕಲು ಇಬ್ಬರೇ ಹೋದಾಗ ತಡೆಯಲಾಗದೆ ಕೇಳಿದೆ.

"ದಿನಾ ಕೇಳ್ತೀನಿ ಅಂದಿ. ಯಾವಾಗಿಂದ ಕೇಳ್ತಿ?"

"ಹೋದ ಬ್ಯಾಸಗಿಯಿಂದ್ರಿ."

"ಮತ್ತ ಇಷ್ಟ ದಿನ ಬಾಯಾಗ ಏನ್ ಇಟ್ಕೊಂಡಿದ್ದಿ?"

ಅವಳು ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಳು. "ನೀವ್ ನಾಚ್ಕೋತೀರಿ ಅಂತ ಸುಮ್ಮನಿದ್ದೆ ಅಕ್ಕಾ. ಬೆಳಗಾದ್ರ ನೀವೇ ಹಾಸಗಿ ಒಗದು ಮುಚ್ಚಿಡ್ತಿದ್ರಿ. ನಾ ಹೆಂಗ ಅನ್ಲಿ?"

"ನಿಂಗೇನವ್ವ. ನೀ ಅಂದದ್ದೆಲ್ಲ ನಡೀತದ. ಪಾಪ ಅನ್ನೋರು ಹತ್ತು ಮಂದಿ ಅದಾರ."

"ಅಕ್ಕಾ, ಖರೇ ಹೇಳ್ಲಿ?" ಎಂದಳು. ಅವಳ ದನಿಯೂ ಬಿಸಿಯಾಗಿತ್ತು. "ನಂಗ ನಿಮ್ಮ ಮ್ಯಾಲ ಹೊಟ್ಟಿಕಿಚ್ಚ ಬರ್ತಿತ್ತು. ಅಷ್ಟ ತಿಕ್ಕತೀರಿ, ಆದ್ರೂ ನಿಮಗ ಎಚ್ಚರ ಆಗಂಗಿಲ್ಲ. ನಂಗ ಒಮ್ಮಿ ಎಚ್ಚರಾತಂದ್ರ ಮುಗೀತು, ಬೆಳಕ ಹರಿಯೋತನಕ ನಿಮ್ಮ ಸಪ್ಪಳ ಕೇಳಕೋತ ಬಿದ್ದಿರ್ತೀನಿ."

ಇದಕ್ಕೆ ನಾನು ಕರಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ನಿದ್ದೆಯ ಮೇಲೂ ಇವಳ ಕಣ್ಣಿತ್ತೇ ಎಂದು ಇನ್ನಷ್ಟು ಸಿಟ್ಟು ಬಂತು. ಅದಾದ ಮೇಲೆ ಹಲವು ದಿನ, ಉಪ್ಪು ಕೊಡು, ನೀರು ಬಂತು ಎನ್ನುವಷ್ಟೇ ಮಾತು.

ಡಾಕ್ಟರ ಹತ್ತಿರ ಗಂಡ ಕರೆದುಕೊಂಡು ಹೋದರು. ನಾನು ಹೇಗೆ ಮಲಗುತ್ತೇನೆ ಎಂದು ಡಾಕ್ಟರು ಕೇಳಿದರು. ಕೈಯನ್ನು ದಿಂಬಿನ ಕೆಳಗೆ ಇಡುತ್ತೇನೆ ಎಂದೆ. ಯಾಕೆ ಎಂದರು. ಹೇಳಿದೆ. ಅವರು ನನ್ನ ಗಂಡನ ಕಡೆ ತಿರುಗಿದರು.

"ನೋಡ್ರಿ, ಎಲ್ಲಾರು ಕೂಡಿ ಕೈಗಿ ಬೈದು ಬೈದು ಸುಮ್ಮ ಕುಂದ್ರಿಸೀರಿ. ಕಾಲಿಗಿ ಯಾರೂ ಬೈದಿಲ್ಲ. ಅದಕ ಅವು ಕೆರಕೋತಾವ."

ಗಂಡ ಕೈಯಲ್ಲಿದ್ದ ಫೋನನ್ನು ಸುಮ್ಮನೆ ತಿರುಗಿಸುತ್ತ ಕೂತರು. ಡಾಕ್ಟರು ಕಾಲಚೈನು ತೆಗೆಸಿ, ಪಟ್ಟಿಗಳನ್ನು ಎರಡೂ ಕಾಲಿನ ಹರಡಿಗೆ ಕಟ್ಟಿ ತೋರಿಸಿದರು. ಕೈಗೆಂದು ಮಾಡಿದ ಪಟ್ಟಿ ಅದು, ಕಾಲಿನದನ್ನು ಅಷ್ಟು ಸರಿಯಾಗಿ ಹೇಳಲಿಕ್ಕಿಲ್ಲ, ಆದರೂ ನೋಡೋಣ ಎಂದರು.

ಮರುದಿನ ಬೆಳಿಗ್ಗೆ ಫೋನ್ ತೆರೆದಾಗ ಗೆರೆಯ ಮೇಲೆ ಜಾಗವೇ ಇರಲಿಲ್ಲ. ಕೆಂಪಿನ ಪಕ್ಕ ಕೆಂಪು, ಜೋಳದ ಹೊಲದ ಸಾಲಿನಂತೆ. ಅತ್ತೆ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಇದು ಅಕಿದಕಿಂತ ಜಾಸ್ತಿ ಅದೇನು?"

"ಜಾಸ್ತಿ ಅದರಿ" ಎಂದವಳು ನೆಗೆಣ್ಣಿ. ನನಗೆ ಹೇಳಲು ಬಿಡಲಿಲ್ಲ. ಆದರೂ ನನ್ನ ಎದೆಯೊಳಗೆ ಏನೋ ಎದ್ದು ನಿಂತಿತು. ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗಿಯ ಹಾಗೆ ಬೆನ್ನು ನೆಟ್ಟಗಾಯಿತು. ಅತ್ತೆ ತಪ್ಪಾಯಿತು ಎನ್ನಲಿಲ್ಲ, ಅವರು ಅನ್ನುವವರೂ ಅಲ್ಲ. ಅವತ್ತು ಸಂಜೆ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ನನ್ನ ಕಾಲ ಬಳಿ ಕೂತರು. "ಬಿಡ್ರಿ ಅತ್ತಿ" ಎಂದರೆ, "ಸುಮ್ಮ ಕುಂದ್ರ" ಎಂದು ಗದರಿದರು. ಮರುದಿನ ಎಣ್ಣೆಗಾಯಿ ಮಾಡಿದಾಗ ನನ್ನ ತಟ್ಟೆಗೆ ಎರಡು ಹಾಕಿದರು. ಉಪ್ಪು ಸ್ವಲ್ಪ ಹೆಚ್ಚಾಗಿತ್ತು. ಎರಡನ್ನೂ ತಿಂದೆ.

ಕತೆ ಇಲ್ಲಿಗೆ ನೆಟ್ಟಗಾಗಬೇಕಿತ್ತು. ಆಗಲಿಲ್ಲ. ಅಷ್ಟು ವರ್ಷ ಹಚ್ಚಿದ ಆ ಟ್ಯೂಬನ್ನು ಡಾಕ್ಟರು ಬಿಡಿಸಿದರು, ಅದೇ ನನ್ನ ಚರ್ಮವನ್ನು ತೆಳು ಮಾಡಿತ್ತಂತೆ. ಬಿಟ್ಟಿದ್ದೇ ತಡ, ಮೈ ಸಿಡಿದು ಎದ್ದಿತು. ಮುಖವೂ ಕೆಂಪಾಯಿತು. ಶಾಲೆಗೆ ರಜೆ ಹಾಕಿದೆ. ಸ್ನಾನ ಮಾಡಿದ ಕೂಡಲೇ ದಪ್ಪ ಮುಲಾಮು, ಅದರ ಮೇಲೆ ಒದ್ದೆ ಹತ್ತಿ ಬಟ್ಟೆ, ಅದರ ಮೇಲೆ ಒಣ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದೆ. ಅದೇ ದಿನಗಳಲ್ಲಿ ನೆಗೆಣ್ಣಿಯ ಮೊಣಕೈ ದಿನದಿಂದ ದಿನಕ್ಕೆ ತಿಳಿಯಾಯಿತು. ಅವಳದು ಹೊಸ ರೋಗ, ಬೇಗ ಕೇಳಿತು. ನನ್ನದು ಹಳೆಯದು, ಹಟ ಮಾಡಿತು.

ಚಿತ್ತಾಪುರದಲ್ಲಿ ಅತ್ತೆಯ ತಮ್ಮನ ಮಗಳ ಮದುವೆ. ನೆಗೆಣ್ಣಿ ಗಿಳಿಹಸಿರು ರೇಷ್ಮೆ ಸೀರೆಗೆ ಗಿಡ್ಡ ತೋಳಿನ ಕುಪ್ಪಸ ಹೊಲಿಸಿದ್ದಳು. ಅವಳು ಅಕ್ಕಿಕಾಳು ಹಾಕಲು ಕೈ ಎತ್ತಿದಾಗ ಮೊಣಕೈ ಒಳಬದಿ ಬೆಣ್ಣೆಯ ಹಾಗಿತ್ತು. ನಾನು ಉದ್ದ ತೋಳಿನಲ್ಲಿ ಬೆವೆತು ಕಂಬದ ಮಗ್ಗಲಿಗೆ ಕೂತಿದ್ದೆ. ಮದುವೆಯ ಹೆಣ್ಣನ್ನು ಬಿಟ್ಟು ಅವಳ ಕೈಯನ್ನೇ ನೋಡಿದೆ. ಬೀಗರ ಕಡೆಯ ಹೆಂಗಸೊಬ್ಬರು ನನ್ನ ಕಡೆ ಬಾಗಿ, "ಇಷ್ಟ ಸೆಕಿಯಾಗ ಉದ್ದ ತೋಳ ಯಾಕ್ರಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದರು.

"ಅಕಿಗಿ ಇಸಬದ್ರಿ. ಅಂಥಿಂಥಾದ್ದಲ್ಲ, ಭಾಳ ಜೋರದ. ಮಷೀನ್ಯಾಗ ಬಂದಾದ. ಕಾಲಿಗಿ ಕಟ್ಟಿ ನೋಡ್ಯಾರ. ಡಾಕ್ಟರೇ ಗಾಬರಿ ಆದ್ರು."

ಡಾಕ್ಟರು ಗಾಬರಿಯಾಗಿರಲಿಲ್ಲ. ಅತ್ತೆ ಅದನ್ನು ಬಂಗಾರದ ಸರದ ತೂಕ ಹೇಳುವಂತೆ ಹೇಳುತ್ತಿದ್ದರು. ಚಾಳಿ ಎಂದಿದ್ದ ಅದೇ ಬಾಯಿ! ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ಕೂತೆ. ಊಟದ ಪಂಕ್ತಿಯಲ್ಲಿ ನೆಗೆಣ್ಣಿ ಬಂದು ನನ್ನ ಪಕ್ಕವೇ ಕೂತಳು. "ಅಕ್ಕಾ, ಚಳಿಗಾಲಕ್ಕ ನಿಮ್ಮದೂ ಹೋಗ್ತದ ನೋಡ್ರಿ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ನನಗೆ ಮಾತ್ರ ಅವಳ ಬರಿಯ ತೋಳು ನನ್ನ ತೋಳಿಗೆ ತಾಗಿದ್ದೇ ದೊಡ್ಡದಾಯಿತು. ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದೆ.

ಚಳಿಗಾಲಕ್ಕೆ ಹೋಗಲಿಲ್ಲ, ಕಡಿಮೆಯಾಯಿತು. ಕುತ್ತಿಗೆ ತಿಳಿಯಾಯಿತು, ಕಾಲಿನ ಗಾಯ ಒಣಗಿತು, ಮೊಣಕೈ ಇನ್ನೂ ಒರಟಿದೆ. ನೆಗೆಣ್ಣಿಯೊಡನೆ ಮಾತು ಮೊದಲಿನಂತೆ ಆಗಿದೆ. ಅವಳು ನನ್ನ ಬೆನ್ನಿಗೆ ಮುಲಾಮು ಹಚ್ಚುತ್ತಾಳೆ, ನಾನು ಅವಳ ತಲೆ ಬಾಚುತ್ತೇನೆ. ಅವಳು ತೋಳು ಮೇಲೆ ಸರಿಸಿದಾಗ ನನ್ನ ಕಣ್ಣು ಈಗಲೂ ಅಲ್ಲಿಗೆ ಹೋಗುತ್ತದೆ. ಅದನ್ನು ನಾನು ತಡೆಯಲಾರೆ.

ಪಟ್ಟಿಗಳನ್ನು ಮರಳಿಸಲು ಕಲಬುರಗಿಗೆ ಒಬ್ಬಳೇ ಹೋಗಿದ್ದೆ. ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ವಾಡಿಯಿಂದ ಬಂದ ಒಬ್ಬ ತಾಯಿ, ಮಡಿಲಲ್ಲಿ ಒಂದನೆಯ ತರಗತಿಯ ವಯಸ್ಸಿನ ಹುಡುಗಿ. ಹುಡುಗಿಯ ಎರಡೂ ಕೈಗೆ ಅಂಥದೇ ಬೂದು ಪಟ್ಟಿ, ಹಗಲಾದರೂ ಬಿಚ್ಚಿರಲಿಲ್ಲ, ಸಡಿಲವಾಗಿ ಮೊಣಕೈ ತನಕ ಜಾರುತ್ತಿತ್ತು. ಅದು ಎಲ್ಲರೆದುರಿಗೂ ಕಾಲು ಮಡಿಸಿ ಕೆರೆದುಕೊಳ್ಳುತ್ತಿತ್ತು. ತಾಯಿ ಕೈ ಹಿಡಿಯಲಿಲ್ಲ, ಗದರಲಿಲ್ಲ. ಬಾಗಿ ಆ ಜಾಗಕ್ಕೆ ಉಫ್ ಉಫ್ ಎಂದು ಊದಿದಳು. ನನ್ನನ್ನು ನೋಡಿ, "ನಿದ್ದ್ಯಾಗ ಭಾಳ ಆಗ್ತದ್ರಿ ಇಕಿಗಿ. ಕೂಸೇನ್ ಮಾಡ್ತದ, ಅಕಿ ಕೈಯಾಗ ಇಲ್ಲಲ್ರಿ ಅದು" ಎಂದಳು.

ನೆಗೆಣ್ಣಿಯ ಮೇಲೆ ಬಂದ ಹೊಟ್ಟೆಕಿಚ್ಚು ಇದರ ಮುಂದೆ ಏನೂ ಅಲ್ಲ. ಆ ಸಣ್ಣ ಕೂಸಿನ ಮೇಲೆ, ಅದಕ್ಕೆ ಸಿಕ್ಕ ಆ ಒಂದು ಮಾತಿನ ಮೇಲೆ ನನಗೆ ಬಂದ ಸಂಕಟ ಎಷ್ಟಿತ್ತೆಂದರೆ, ಎದ್ದು ಹೋಗಿ ನೀರು ಕುಡಿದು ಬಂದೆ.

ಮೇಲಿಂದ ಕೆಳಗಿನವರೆಗೆ ನನ್ನನ್ನೇ ನೋಡುತ್ತಿದ್ದ ಹುಡುಗಿ ನನ್ನ ಕೈಯ ಡಬ್ಬಿ ಗುರುತಿಸಿತು.

"ನಿಮಗೂ ಕಟ್ಟ್ಯಾರೇನ್ರಿ?"

"ಹೂಂ, ಕಟ್ಟಿದ್ರು."

"ನಿಮ್ಮದೂ ಕೆಂಪ ಬರ್ತದ?"

"ಬರ್ತದವ್ವ. ಭಾಳ ಬರ್ತಿತ್ತು."

ಹುಡುಗಿ ಗದ್ದ ಎತ್ತಿತು. "ನಂದು ನಿಮ್ಮದಕಿಂತ ಜಾಸ್ತಿ ಬರ್ತದ."

ನನ್ನ ನಾಲಿಗೆಯ ತುದಿಗೆ ಉತ್ತರ ಬಂದೇ ಬಿಟ್ಟಿತ್ತು. ನನ್ನದು ಎಷ್ಟಿತ್ತು, ಗೆರೆಯ ಮೇಲೆ ಹೇಗೆ ಜಾಗವೇ ಇರಲಿಲ್ಲ ಎಂದು ಹೇಳಿಬಿಡಬೇಕೆನಿಸಿತು. ತಾಯಿ ನಾಚಿ, "ಹಂಗ ಅನಬಾರದು" ಎಂದು ಅದರ ತೊಡೆ ತಟ್ಟಿದಳು. ನಾನು ಹುಡುಗಿಯ ಜಾರಿದ ಪಟ್ಟಿಯನ್ನು ಮಣಿಕಟ್ಟಿಗೆ ತಂದು ಒಂದು ತೂತು ಬಿಗಿ ಮಾಡಿದೆ.

"ಹೌದವ್ವ," ಎಂದೆ. "ನಿಂದೇ ಜಾಸ್ತಿ."

ಅದು ಒಪ್ಪಿಕೊಂಡು ತಲೆ ಆಡಿಸಿ, ತಾಯಿಯ ತೋಳಿಗೆ ಮುಖ ಒರಗಿಸಿತು. ಒಳಗಿನಿಂದ ನರ್ಸ್ ನನ್ನನ್ನು ಕರೆದರು.